ಬೀದರಿನಲ್ಲಿ ಎರಡೂವರೆ ದಿನ: ಬಿದ್ದ ಅರ್ಧವನ್ನು ಮತ್ತೆ ಕಟ್ಟಬೇಕೇ?

ನಕ್ಷೆಗಾರ್ತಿ

ದಾವಣಗೆರೆಯಲ್ಲಿ ಮನೆಗಳ ನಕ್ಷೆ ಬರೆದು, ಖರ್ಚಿನ ಅಂದಾಜು ಹಾಕಿಕೊಡುವುದು ನನ್ನ ಕಸುಬು. ಕಳೆದ ತಿಂಗಳು ನೆಂಟರ ಮದುವೆಗೆಂದು ಬೀದರಿಗೆ ಹೋಗಿದ್ದೆ. ಊಟ ಮುಗಿದ ಕೂಡಲೇ ನಮ್ಮ ಮನೆಯವರು ರೈಲು ಹತ್ತಿದರು, ನಾನು ಉಳಿದುಕೊಂಡೆ. "ಕಲ್ಲು ನೋಡುವುದಕ್ಕೆ ಎರಡೂವರೆ ದಿನ ಬೇಕೇ?" ಎಂದು ಅವರು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಆ ಉತ್ತರ ಎಂದುಕೊಳ್ಳಿ.

ಮೊದಲು ಹೋದದ್ದು ಮಹಮೂದ್ ಗಾವಾನನ ಮದರಸಾಕ್ಕೆ. ಊರ ನಡುವಿನ ಚೌಬಾರಾ ಗೋಪುರದಿಂದ ಕೋಟೆಯ ಕಡೆಗೆ ನಡೆದರೆ ದಾರಿಯಲ್ಲೇ ಸಿಗುತ್ತದೆ. 1472ರಲ್ಲಿ ಕಟ್ಟಿ ಮುಗಿಸಿದ ಮೂರಂತಸ್ತಿನ ವಿದ್ಯಾಲಯ. ಪೋಸ್ಟ್ ಕಾರ್ಡುಗಳಲ್ಲಿ, ಫೋನಿನಲ್ಲಿ ಬರುವ ಚಿತ್ರಗಳಲ್ಲಿ ಎಲ್ಲರೂ ತೋರಿಸುವುದು ನಿಂತಿರುವ ಮಿನಾರನ್ನು. ಸುಮಾರು 130 ಅಡಿ ಎತ್ತರ, ಮೈತುಂಬ ಗರಗಸದ ಹಲ್ಲಿನಂತೆ ಏರಿಳಿಯುವ ಬಣ್ಣದ ಟೈಲ್‌ಗಳ ಪಟ್ಟಿ. ಅದನ್ನು ನೋಡಿದೆ, ಚೆನ್ನಾಗಿದೆ. ಆದರೆ ನನ್ನ ಕಾಲು ತಾನಾಗಿ ಇನ್ನೊಂದು ಕಡೆಗೆ, ಒಡೆದ ಕಡೆಗೆ ಹೋಯಿತು. ಮುಂಭಾಗದ ಹೆಚ್ಚುಕಡಿಮೆ ಅರ್ಧ, ಹೆಬ್ಬಾಗಿಲು, ಜೋಡಿಯ ಇನ್ನೊಂದು ಮಿನಾರು ಎಲ್ಲವೂ ಹೋಗಿವೆ. ಭೂಕಂಪಕ್ಕೆ ಬಿದ್ದದ್ದು ಎಂದು ಆಟೋದವರು ಹೇಳಿದರು.

ನಮ್ಮ ಕೆಲಸದಲ್ಲಿ ಸೆಕ್ಷನ್ ಎಂದು ಒಂದು ನಕ್ಷೆ ಬರೆಯುತ್ತೇವೆ. ಕಟ್ಟಡವನ್ನು ಹಲಸಿನ ಹಣ್ಣಿನಂತೆ ಮೇಲಿನಿಂದ ಕೆಳಕ್ಕೆ ಕೊಯ್ದರೆ ಒಳಗೆ ಏನು ಕಾಣುತ್ತದೋ ಅದು. ಗೋಡೆಯ ದಪ್ಪ, ಕಮಾನಿನ ಎದೆ, ಮಹಡಿಯ ಮೇಲೆ ಮಹಡಿ ಹೇಗೆ ಕುಳಿತಿದೆ ಎಂಬುದು. ಇಪ್ಪತ್ತೆರಡು ವರ್ಷದಿಂದ ಸೆಕ್ಷನ್ ಬರೆದಿದ್ದೇನೆ, ಆಳೆತ್ತರದ ನಿಜವಾದ ಸೆಕ್ಷನ್ ಕಣ್ಣಾರೆ ನೋಡಿದ್ದು ಇದೇ ಮೊದಲು. ಹೊರಮೈಯ ಅಚ್ಚುಕಟ್ಟಿನ ಹಿಂದೆ ಗೋಡೆಯ ಹೊಟ್ಟೆಯಲ್ಲಿ ಸಿಕ್ಕಸಿಕ್ಕ ಕಲ್ಲು, ಅದರ ನಡುವೆ ಕೈಯಳತೆ ಲೆಕ್ಕವಿಲ್ಲದೆ ಸುರಿದ ಸುಣ್ಣದ ಗಾರೆ. ಟೈಲ್ ಉದುರಿದ ಜಾಗದಲ್ಲಿ ಅದು ಕೂತಿದ್ದ ಗಾರೆಯ ಮೇಲೆ ಅಂಚಿನ ಗೆರೆಗಳು ಇನ್ನೂ ಉಳಿದಿವೆ. ಒಂದು ಕಡೆ ಗೆರೆ ಸ್ವಲ್ಪ ಸೊಟ್ಟ. ಐನೂರೈವತ್ತು ವರ್ಷದ ಹಿಂದೆ ಯಾರೋ ಒಬ್ಬ ಕೆಲಸಗಾರ ಸಂಜೆಯ ಆತುರದಲ್ಲಿ ಕೂರಿಸಿರಬೇಕು. ನನ್ನ ಸೈಟುಗಳಲ್ಲೂ ಸಂಜೆ ಐದರ ಮೇಲೆ ಹಚ್ಚಿದ ಟೈಲ್ ಹೀಗೆಯೇ ಇರುತ್ತದೆ.

ಮಾರನೆಯ ದಿನ ಅಷ್ಟೂರಿಗೆ ಹೋದೆ. ಊರಿನಿಂದ ಪೂರ್ವಕ್ಕೆ ಮೂರು ಕಿಲೋಮೀಟರು, ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. 1461ರಲ್ಲಿ ತೀರಿಕೊಂಡ ಹುಮಾಯೂನ್ ಷಾನದು ನಡುವೆ ಸೀಳಿ ಹೋಗಿದೆ. ಸಿಡಿಲು ಬಡಿದದ್ದಂತೆ. ಉಳಿದ ಹೋಳು ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿದೆ. ಒಳಗೆ ನಿಂತು ಕತ್ತೆತ್ತಿದರೆ ಗುಮ್ಮಟದ ಚಿಪ್ಪು ಬುಡದಲ್ಲಿ ಎಷ್ಟು ದಪ್ಪ, ಮೇಲೆ ಹೋದಂತೆ ಎಷ್ಟು ತೆಳು ಎಂಬುದು ನೇರವಾಗಿ ಕಾಣುತ್ತದೆ. ಚೌಕ ಕೋಣೆಯ ಮೂಲೆಗಳಿಗೆ ಕಮಾನು ಹಾಕಿ, ಚೌಕವನ್ನು ಎಂಟು ಮೂಲೆ ಮಾಡಿ, ಎಂಟನ್ನು ದುಂಡಿಗೆ ಸೇರಿಸುವ ಲೆಕ್ಕ ಪುಸ್ತಕದಲ್ಲಿ ಓದಿದಾಗ ತಲೆಗೆ ಹತ್ತಿರಲಿಲ್ಲ. ಅಲ್ಲಿ ಐದು ನಿಮಿಷದಲ್ಲಿ ಹತ್ತಿತು. ಪಕ್ಕದ ಅಹ್ಮದ್ ಷಾ ವಲಿಯ ಗುಮ್ಮಟ ಇಡಿಯಾಗಿದೆ, ಒಳಗೆ ಗವಿಯಂಥ ಕತ್ತಲೆ. ಅಲ್ಲಿದ್ದ ಹಿರಿಯರೊಬ್ಬರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಎಸೆದರು. ಬೆಳಕಿನ ತುಂಡು ಗೋಡೆಯ ಮೇಲೆ ಹರಿದಂತೆಲ್ಲ ಕೆಂಪು, ಹೊಂಬಣ್ಣದ ಅಕ್ಷರಗಳು ಎದ್ದು ಬಂದು ಮತ್ತೆ ಮುಳುಗಿದವು. ಅದಕ್ಕೆ ನಾನು ತಕರಾರು ತೆಗೆಯುವುದಿಲ್ಲ. ಇಡಿಯಾದದ್ದಕ್ಕೆ ಅದರದೇ ಚೆಲುವಿದೆ.

ಕೋಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ಮಾತ್ರ ತಪ್ಪಿಸಬೇಡಿ. ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಕೀಲಿ ಇಟ್ಟುಕೊಂಡವರನ್ನು ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಬಾಗಿಲು ತೆರೆದ ಮೇಲೆ ಕರಿಕಲ್ಲಿನೊಳಗೆ ಕೊರೆದು ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ನೋಡಿ ಮುಕ್ಕಾಲು ಗಂಟೆಯ ಸಿಟ್ಟು ಇಳಿಯಿತು.

ಮದರಸಾದ ಬಳಿ ಒಂದು ಕುಟುಂಬ, "ಸರಕಾರ ಮನಸ್ಸು ಮಾಡಿದರೆ ಇದನ್ನು ಮೊದಲಿನಂತೆ ಕಟ್ಟಬಹುದಲ್ಲ" ಎಂದು ಮಾತನಾಡಿಕೊಳ್ಳುತ್ತಿತ್ತು. ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಿದ್ದ ಭಾಗವೇ ಆ ಕಟ್ಟಡ ಹೇಗೆ ಎದ್ದಿತು ಎಂದು ಹೇಳುತ್ತಿದೆ, ಅದರ ಬಾಯಿ ಮುಚ್ಚಿಸಬಾರದು. ನೀವೇನು ಹೇಳುತ್ತೀರಿ?

ಕೌಂಟರ್ ನಂಬರ್ ಮೂರು

ಮೇಡಂ, ನಾನು ಬೀದರಿನಲ್ಲಿ ನಾಲ್ಕು ವರ್ಷ ಬ್ಯಾಂಕಿನ ಕೆಲಸದಲ್ಲಿದ್ದೆ. ದಿನವೂ ಆ ಮಿನಾರಿನ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಒಡೆದ ಕಡೆಗೆ ಒಮ್ಮೆಯೂ ಹೋಗಲಿಲ್ಲ ಎಂದು ಈಗ ನಾಚಿಕೆಯಾಗುತ್ತಿದೆ. ಕೀಲಿಯ ವಿಷಯದಲ್ಲಿ ಮಾತ್ರ ನನ್ನ ಅನುಭವವೂ ಅದೇ.

ಕಲಬುರಗಿಯ ಮೇಷ್ಟ್ರು

ತಾಯಿ, ಬರಹ ಓದಿ ಸಂತೋಷವಾಯಿತು. ಒಂದು ತಿದ್ದುಪಡಿ. ಮದರಸಾ ಬಿದ್ದದ್ದು ಭೂಕಂಪಕ್ಕಲ್ಲ. 1657ರಲ್ಲಿ ಔರಂಗಜೇಬ ಬೀದರನ್ನು ಗೆದ್ದ ಮೇಲೆ ಮೊಗಲ್ ಸೈನ್ಯ ಅದನ್ನು ಬಳಸಿಕೊಂಡಿತು. ಕೋಣೆಗಳಲ್ಲಿ ಮದ್ದಿನ ಪುಡಿ ತುಂಬಿಟ್ಟಿದ್ದರು. 1696ರ ಸುಮಾರಿಗೆ ಸಿಡಿಲಿಗೆ ಅದು ಹೊತ್ತಿಕೊಂಡು ಮುಂಭಾಗ ಹಾರಿಹೋಯಿತು. ಪಾಠ ಹೇಳುವ ಮನೆಯಲ್ಲಿ ಮದ್ದು ಇಟ್ಟವರ ಬುದ್ಧಿಗೆ ಏನೆನ್ನಬೇಕು! ಮೂವತ್ತೊಂದು ವರ್ಷ ಇತಿಹಾಸ ಕಲಿಸಿದ ನನಗೆ ಪ್ರತಿ ವರ್ಷವೂ ಆ ಪುಟ ಬಂದಾಗ ಹೊಟ್ಟೆ ಉರಿಯುತ್ತಿತ್ತು.

ಗಾವಾನನ ಕಥೆಯನ್ನು ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಇರಾನಿನ ಗೀಲಾನ್ ಪ್ರಾಂತದವನು, 1453ರಲ್ಲಿ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮುಖ್ಯಮಂತ್ರಿಯ ಸ್ಥಾನಕ್ಕೇರಿದ. ತನ್ನ ನಾಡಿನ ಕಡೆಯ ವಿದ್ಯಾಲಯಗಳ ಮಾದರಿಯಲ್ಲೇ, ನಡುವೆ ಅಂಗಳ, ಸುತ್ತ ಪಾಠದ ಹಜಾರಗಳು, ವಿದ್ಯಾರ್ಥಿಗಳ ಕೋಣೆಗಳು ಎಂದು ಕಟ್ಟಿಸಿದ. ಸಮರಕಂದದ ಕಟ್ಟಡಗಳನ್ನು ನೋಡಿದವರಿಗೆ ನೆಂಟಸ್ತಿಕೆ ತಕ್ಷಣ ತಿಳಿಯುತ್ತದೆ. ಕಟ್ಟಡ ಮುಗಿದ ಒಂಬತ್ತೇ ವರ್ಷಕ್ಕೆ, 1481ರಲ್ಲಿ, ವಿರೋಧಿಗಳು ಅವನ ಮುದ್ರೆ ಒತ್ತಿಸಿ ಸುಳ್ಳು ಪತ್ರ ಹುಟ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ವಿಚಾರಣೆಯಿಲ್ಲದೆ ತಲೆ ತೆಗೆಸಿದ. ಎಪ್ಪತ್ತು ದಾಟಿದ ಮುದುಕನನ್ನು! ಅವನ ಸಮಾಧಿ ಊರ ಹೊರಗೆ ಬಯಲಲ್ಲಿದೆ, ಮೇಲೆ ಗುಮ್ಮಟವಿಲ್ಲ. ಅಷ್ಟೂರಿನ ಸಾಲು ನೋಡಿದವರು ಅಲ್ಲಿಗೂ ಹೋಗಬೇಕು.

ನಿಮಗಿಂತ ಮೊದಲು ಬಂದ ಒಬ್ಬ ಪ್ರವಾಸಿಯನ್ನೂ ನೆನೆಯೋಣ. ರಷ್ಯದ ತ್ವೇರ್ ಊರಿನ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ಮಾರಲೆಂದು ಒಂದು ಕುದುರೆ ತಂದಿದ್ದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಲ್ಲಿ ಕಾವಲಿನವರ ಜತೆಗೆ ಒಳಹೊಕ್ಕವರ, ಹೊರಬಂದವರ ಹೆಸರು ಬರೆದುಕೊಳ್ಳುವವರು ಕೂತಿರುತ್ತಾರೆ ಎಂದು ಬರೆದಿಟ್ಟಿದ್ದಾನೆ. ಸರದಾರರು ಮೆರೆಯುತ್ತಾರೆ, ಹಳ್ಳಿಯವರು ಕಡುಬಡವರು ಎಂದೂ ಬರೆದಿದ್ದಾನೆ. ಅವನು ಬಂದಾಗ ಈ ಮದರಸಾ ಇನ್ನೂ ಮುಗಿದಿರಲಿಲ್ಲ. ಅವನು ಏಳುತ್ತಿದ್ದ ಗೋಡೆ ನೋಡಿದ, ನೀವು ಬಿದ್ದ ಗೋಡೆ ನೋಡಿದಿರಿ.

ಅಪ್ಪ ಮತ್ತು ಆರನೆಯ ಕ್ಲಾಸು

ನಾನು ಆ ಕುಟುಂಬದವನಲ್ಲ, ಆದರೆ ಅವರ ಪಕ್ಷದವನು. ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. "ಇದು ಆ ಕಾಲದ ವಿಶ್ವವಿದ್ಯಾಲಯ ಕಣಮ್ಮ" ಎಂದೆ. "ಇದಾ? ಒಡೆದು ಹೋಗಿದೆಯಲ್ಲ ಅಪ್ಪಾ" ಎಂದು ಐಸ್‌ಕ್ರೀಂ ಗಾಡಿಯ ಕಡೆಗೆ ತಿರುಗಿದಳು. ಸೆಕ್ಷನ್ ನೋಡಿ ಆನಂದಪಡುವುದು ನಿಮ್ಮಂಥ ಬಲ್ಲವರಿಗೆ ಸಾಧ್ಯ. ಸಾಮಾನ್ಯ ಜನಕ್ಕೆ ಹೆಬ್ಬಾಗಿಲು ಬೇಕು, ಜೋಡಿ ಮಿನಾರು ಬೇಕು.

ಇನ್ನೊಂದು ಮಾತು. ಯಾವುದೋ ಕಲ್ಪನೆಯ ಕಟ್ಟಡ ಕಟ್ಟಿ ಎಂದು ಯಾರೂ ಹೇಳುತ್ತಿಲ್ಲ. ಒಂದು ಮಿನಾರು ಎದುರಿಗೇ ನಿಂತಿದೆ, ಮುಂಭಾಗದ ಒಂದು ಪಕ್ಕ ಇದೆ. ಕನ್ನಡಿಯಲ್ಲಿ ತಿರುಗಿಸಿದರೆ ಇನ್ನೊಂದು ಪಕ್ಕ. ನಕ್ಷೆ ಬರೆಯುವವರಿಗೆ ಇದು ಒಂದು ದಿನದ ಕೆಲಸವಲ್ಲವೇ?

ನಕ್ಷೆಗಾರ್ತಿ

ಮೇಷ್ಟ್ರೇ, ಮದ್ದಿನ ವಿಷಯ ತಿದ್ದಿದ್ದಕ್ಕೆ ಕೃತಜ್ಞಳು. ಆಟೋದವರ ಇತಿಹಾಸವನ್ನು ಹಾಗೆಯೇ ಇಳಿಸಿದ್ದು ನನ್ನ ತಪ್ಪು.

ಅಪ್ಪನವರೇ, ಕನ್ನಡಿಯ ಮಾತು ಕೇಳಿ ಒಂದು ಕ್ಷಣ ತಡವರಿಸಿದೆ. ಗೋಡೆ, ಕಮಾನುಗಳ ಮಟ್ಟಿಗೆ ನೀವು ಹೇಳುವುದು ಸರಿ, ಮೂರು ದಿನದಲ್ಲಿ ಬರೆದುಕೊಡಬಹುದು. ಆದರೆ ಮುಂಭಾಗದಲ್ಲಿ ಟೈಲಿನ ಮೇಲೆ ಕುರಾನಿನ ಸಾಲುಗಳಿವೆ. ಸಾಲನ್ನು ಕನ್ನಡಿಯಲ್ಲಿ ತಿರುಗಿಸಿದರೆ ಅಕ್ಷರ ತಿರುವುಮುರುವಾಗುತ್ತದೆ. ಬಿದ್ದ ಕಡೆಯ ಅಕ್ಷರ ಯಾವ ಅಳತೆಯಲ್ಲಿ, ಯಾವ ಬಳುಕಿನಲ್ಲಿ ಹರಿದಿತ್ತು ಎಂಬುದಕ್ಕೆ ಏನೂ ಉಳಿದಿಲ್ಲ. ಹೆಬ್ಬಾಗಿಲಿಗಂತೂ ಜೋಡಿಯೇ ಇಲ್ಲ, ಅದು ಇದ್ದದ್ದೇ ಒಂದು. ಜನ ಮೊದಲು ನಿಂತು ನೋಡುವ ಭಾಗವೇ ನಾವು ಊಹಿಸಿದ್ದಾಗುತ್ತದೆ.

ನಿಮ್ಮ ಮಗಳ ಮಾತು ಮಾತ್ರ ಒಪ್ಪುತ್ತೇನೆ. ಅಲ್ಲಿ ಒಂದು ಒಳ್ಳೆಯ ಚಿತ್ರಫಲಕವಾದರೂ ಬೇಕು. ನನಗೂ ಮೊದಲ ಹತ್ತು ನಿಮಿಷ ಯಾವುದು ಎಲ್ಲಿತ್ತು ಎಂದು ಗೊತ್ತಾಗಲಿಲ್ಲ.

ಎಲ್ಬೆ ದಡದಿಂದ

ಜರ್ಮನಿಯ ಡ್ರೆಸ್ಡೆನ್ ಪಕ್ಕ ಇದ್ದೇನೆ, ಊರು ಧಾರವಾಡ. ನಿಮ್ಮ ಜಗಳ ಇಲ್ಲಿನವರು ನಲವತ್ತೈದು ವರ್ಷ ಆಡಿದ ಜಗಳ. ಇಲ್ಲಿನ ಫ್ರೌವೆನ್ ಕಿರ್ಖೆ ಎಂಬ ಗುಮ್ಮಟದ ಚರ್ಚು 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಬೆಂದು ಕುಸಿಯಿತು. ಕಲ್ಲಿನ ರಾಶಿಯನ್ನು ದಶಕಗಟ್ಟಲೆ ಹಾಗೆಯೇ ಬಿಟ್ಟಿದ್ದರು. ಆಮೇಲೆ 1994ರಲ್ಲಿ ಕಟ್ಟಲು ಶುರು ಮಾಡಿ 2005ರಲ್ಲಿ ಮುಗಿಸಿದರು. ರಾಶಿಯಿಂದ ಒಂದೊಂದೇ ಕಲ್ಲು ಹೆಕ್ಕಿ, ಅದು ಎಲ್ಲಿತ್ತು ಎಂದು ಪತ್ತೆ ಹಚ್ಚಿ ಅಲ್ಲೇ ಕೂರಿಸಿದ್ದಾರೆ. ಹಳೆಯ ಕಲ್ಲು ಕಪ್ಪು, ಹೊಸದು ಹಳದಿ. ಗೋಡೆ ನೋಡಿದರೆ ನಾಯಿ ಮೈಯ ಮಚ್ಚೆಯ ಹಾಗೆ ಕಾಣುತ್ತದೆ. ನನಗೆ ಅದೇ ಇಷ್ಟ, ಏನಾಯಿತೆಂದು ಮುಚ್ಚಿಟ್ಟಿಲ್ಲ.

ಆದರೆ ಅವರ ಬಳಿ ಕಲ್ಲಿನ ರಾಶಿ ಇತ್ತು, ಹಳೆಯ ನಕ್ಷೆಗಳಿದ್ದವು, ಒಳಗೆ ಪೂಜೆ ಮಾಡಿದ್ದ ಜನ ಬದುಕಿದ್ದರು. ಬೀದರಿನ ಮದರಸಾ ಬಿದ್ದು ಮುನ್ನೂರು ವರ್ಷ ದಾಟಿದೆ. ಬಿದ್ದ ಕಲ್ಲು ಅಲ್ಲಿದೆಯೇ? ಇಲ್ಲದಿದ್ದರೆ ನೀವು ಕಟ್ಟುವುದು ಹಳೆಯದರ ಚಿತ್ರವನ್ನು ಅಷ್ಟೆ. ಬರ್ಲಿನ್ನಿನಲ್ಲಿ ಇನ್ನೊಂದು ಚರ್ಚಿನ ಮುರಿದ ಗೋಪುರವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸದು ಕಟ್ಟಿಕೊಂಡರು. ಒಂದೇ ದೇಶ, ಒಂದೇ ಯುದ್ಧ, ಎರಡು ಉತ್ತರ.

ಸುಣ್ಣದ ಗಾಣ

ಎಲ್ಲರೂ ಕಟ್ಟಬೇಕೋ ಬೇಡವೋ ಎನ್ನುತ್ತಿದ್ದೀರಿ. ಕಟ್ಟುವವರು ಯಾರು ಎಂದು ಯಾರೂ ಕೇಳಲಿಲ್ಲ. ನಾನು ಹದಿನೆಂಟು ವರ್ಷದಿಂದ ಹಳೆಯ ಮನೆ, ವಾಡೆ, ಗುಡಿಗಳ ಸುಣ್ಣದ ಕೆಲಸ ಮಾಡುತ್ತಿದ್ದೇನೆ. ಮೈತುಂಬ ಕೆಲಸ, ಕೈಗೆ ಜನ ಇಲ್ಲ.

ಸುಣ್ಣದ ಗಾರೆ ಎಂದರೆ ಸಿಮೆಂಟ್ ಮೂಟೆ ಒಡೆದು ನೀರು ಕಲಸಿದಂತಲ್ಲ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ವಾರಗಟ್ಟಲೆ ಕೊಳೆಯಲು ಬಿಡಬೇಕು. ಬೆಣ್ಣೆಯಂತಾದ ಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದು ಮೇಸ್ತ್ರಿಯ ಕೈಗುಣಕ್ಕೆ ಬಿಟ್ಟದ್ದು. ಹಚ್ಚಿದ ಮೇಲೆ ಗೋಣಿತಟ್ಟು ಹೊದಿಸಿ ದಿನಗಟ್ಟಲೆ ಒದ್ದೆಯಾಗಿಡಬೇಕು. ಅವಸರ ಮಾಡಿದರೆ ಹಪ್ಪಳದಂತೆ ಬಿರಿಯುತ್ತದೆ. ನಮ್ಮ ಅಜ್ಜನ ಜತೆ ಕೆಲಸ ಮಾಡಿದವರು ಹದಿನಾರು ಜನ. ಅವರ ಮಕ್ಕಳಲ್ಲಿ ಈ ಕೆಲಸ ಮಾಡುವವನು ಒಬ್ಬ, ಅವನೂ ಈಗ ಮುಖ್ಯವಾಗಿ ಪಿಓಪಿ ಸೀಲಿಂಗ್ ಮಾಡುತ್ತಾನೆ. ದುಡ್ಡು ಅಲ್ಲಿದೆ, ಬೈಯುವಂತಿಲ್ಲ.

ಬೀದರಿನಲ್ಲಿ ಇನ್ನೊಂದು ತೊಡಕು ಆ ಕೆಂಪು ಕಲ್ಲಿನದು. ಜಂಬಿಟ್ಟಿಗೆ ಕಲ್ಲು ನೆಲದಿಂದ ತೆಗೆದಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿಗೆ ಗಟ್ಟಿಯಾಗುತ್ತದೆ. ಮೈತುಂಬ ತೂತು. ನೀರು ಕುಡಿಯುತ್ತದೆ, ನೀರು ಬಿಡುತ್ತದೆ. ಸುಣ್ಣವೂ ಹಾಗೆಯೇ ಉಸಿರಾಡುವ ವಸ್ತು, ಎರಡಕ್ಕೂ ಹೊಂದಿಕೆ ಇದೆ. ಅದರ ಮೇಲೆ ಸಿಮೆಂಟ್ ಬಳಿದಿರೋ, ಒಳಗೆ ಸೇರಿದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಮೊದಲು ಉಪ್ಪು ಹೂಬಿಡುತ್ತದೆ, ಆಮೇಲೆ ಕಲ್ಲೇ ಪುಡಿಯಾಗುತ್ತದೆ. ಹಳೆಯ ಗೋಡೆಗಳನ್ನು ಮಳೆಗಿಂತ ಹೆಚ್ಚು ಕೊಂದದ್ದು ಒಳ್ಳೆಯ ಮನಸ್ಸಿನಿಂದ ಹಚ್ಚಿದ ಸಿಮೆಂಟು. ಹೊಸ ಮಿನಾರು ಕಟ್ಟುವ ಹಣ ಬಂದರೆ ಅದರಲ್ಲಿ ಹತ್ತು ಹುಡುಗರಿಗೆ ಸುಣ್ಣದ ಕೆಲಸ ಕಲಿಸಿ, ನಿಂತಿರುವುದನ್ನು ನಿಲ್ಲಿಸಿಕೊಳ್ಳಿ ಎನ್ನುತ್ತೇನೆ.

ಹಳೇ ಓಣಿಯವ

ನಾನು ಬೀದರಿನ ಹಳೆಯ ಊರಿನಲ್ಲೇ ಹುಟ್ಟಿದವನು, ಮದರಸಾದ ಗೋಡೆಯಿಂದ ನೂರು ಮೀಟರಿನೊಳಗೆ ನಮ್ಮ ಮನೆ. ಅಕ್ಕಾ, ನಿಮ್ಮ ಬರಹ ಚೆನ್ನಾಗಿದೆ. ಆದರೆ ಇಲ್ಲಿ ಒಬ್ಬರೂ ನಮ್ಮ ಬಗ್ಗೆ ಮಾತನಾಡಲಿಲ್ಲ. ಎರಡೂವರೆ ದಿನ ಇದ್ದು ಹೋಗುವವರಿಗೆ ಒಡೆದ ಗೋಡೆ ಪಾಠ. ಅದರ ನೆರಳಲ್ಲಿ ಇರುವವರಿಗೆ ಕಾಯಿದೆ.

ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿ ಇದು. ನಮ್ಮ ತಾತ ಕಟ್ಟಿದ ಮನೆ, ಮೂವರು ಅಣ್ಣತಮ್ಮಂದಿರು, ಮೂರು ಕೋಣೆ. ಮೇಲೆ ಒಂದು ಕೋಣೆ ಏರಿಸುವಂತಿಲ್ಲ. ಇರಲಿ, ಒಪ್ಪಿದೆವು. ಮಳೆಗಾಲದಲ್ಲಿ ಹಿಂದಿನ ಗೋಡೆ ಸೋರುತ್ತದೆ, ಅದನ್ನು ರಿಪೇರಿ ಮಾಡಲು ಅನುಮತಿ ಕೊಡಿ ಎಂದು ಸಂಬಂಧಪಟ್ಟ ಕಚೇರಿಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ಒಮ್ಮೆ ನಕ್ಷೆ ಸರಿ ಇಲ್ಲ ಎಂದರು. ಒಮ್ಮೆ ಫೋಟೋ ಕಪ್ಪುಬಿಳುಪು ಬೇಡ, ಬಣ್ಣದ್ದು ಬೇಕು ಎಂದರು. ಕೊನೆಯ ಸಲ ಹೋದಾಗ ಕಡತ ನೋಡುತ್ತಿದ್ದವರು ವರ್ಗವಾಗಿದ್ದರು.

ಚಿಕ್ಕವರಿದ್ದಾಗ ನಾವು ಕ್ರಿಕೆಟ್ ಆಡಿದ್ದು ಆ ಗೋಡೆಯ ಪಕ್ಕದಲ್ಲೇ. ಯಾವ ಬಾಗಿಲ ಬಳಿ ಮಧ್ಯಾಹ್ನ ತಂಪು ಗಾಳಿ ಬರುತ್ತದೆ ಎಂದು ನಮಗೆ ಗೊತ್ತು. ಅದು ಬೀಳಬಾರದು ಎಂಬ ಆಸೆ ಪ್ರವಾಸಿಗಳಿಗಿಂತ ನಮಗೆ ಹೆಚ್ಚು. ನಮ್ಮ ಗೋಡೆಯೂ ಬೀಳಬಾರದು.

ಮುರಕಲ್ಲು

ಮಾತಿನ ದಿಕ್ಕು ತಪ್ಪಿಸುತ್ತೇನೆ, ಕ್ಷಮಿಸಿ. ನಾನು ವಿಟ್ಲದ ಕಡೆಯವನು. ನೀವು ಜಂಬಿಟ್ಟಿಗೆ ಎನ್ನುವುದನ್ನು ನಾವು ಮುರಕಲ್ಲು ಎನ್ನುತ್ತೇವೆ, ನಮ್ಮ ಮನೆ, ಕೊಟ್ಟಿಗೆ, ಅಡಿಕೆ ತೋಟದ ಪಾಗಾರ ಎಲ್ಲವೂ ಅದರದೇ. ಬೀದರಿಗೆ ಹೋದಾಗ ನಾನು ಮಿನಾರು ನೋಡಲಿಲ್ಲ ಎಂದರೆ ಬೈಯಬೇಡಿ, ನೇರವಾಗಿ ನೌಬಾದಿನ ಸುರಂಗ ಬಾವಿಗೆ ಹೋದೆ.

ನಮ್ಮಲ್ಲಿ ಗುಡ್ಡದ ಬದಿಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಸುರಂಗ ಕೊರೆಯುತ್ತಾರೆ. ಒಳಗೆ ದೀಪ ಕೆಡದೆ ಉರಿಯುತ್ತದೆಯೇ ಎಂದು ನೋಡಿಕೊಂಡು ಮುಂದೆ ಹೋಗಬೇಕು. ನೀರಿನ ಒಸರು ಸಿಕ್ಕಿದರೆ ಅದು ತಾನಾಗಿ ಹರಿದು ಹೊರಗಿನ ಕೆರೆಗೆ ಬರುತ್ತದೆ, ಪಂಪು ಬೇಡ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹೀಗೆ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದವರು, 2022ರಲ್ಲಿ ಪದ್ಮಶ್ರೀ ಬಂತು. ಬೀದರಿನದು ಅದೇ ವಿದ್ಯೆಯ ದೊಡ್ಡ ರೂಪ, ಇರಾನಿನಿಂದ ಬಂದದ್ದು. ಮೇಲೆ ನೀರು ಕುಡಿಯುವ ಕೆಂಪು ಕಲ್ಲು, ಕೆಳಗೆ ನೀರು ಬಿಡದ ಕರಿಕಲ್ಲು. ಎರಡರ ನಡುವೆ ನಿಂತ ನೀರನ್ನು ಸಣ್ಣ ಇಳಿಜಾರಿನಲ್ಲಿ ಕಿಲೋಮೀಟರುಗಟ್ಟಲೆ ನೆಲದಡಿ ಹರಿಸಿದ್ದಾರೆ. ದಾರಿಯುದ್ದಕ್ಕೂ ಬಾವಿಯಂಥ ಗಾಳಿಕಿಂಡಿಗಳು. ಕೊರೆದ ಮಣ್ಣು ಎತ್ತಿದ್ದು ಅಲ್ಲಿಂದಲೇ, ಆಮೇಲೆ ಜನ ನೀರು ಸೇದಿದ್ದೂ ಅಲ್ಲಿಂದಲೇ. ಕಿಂಡಿಯ ಮೇಲೆ ಬಗ್ಗಿ ನೋಡಿದರೆ ಗೋಡೆಯಲ್ಲಿ ಹಾರೆಯ ಏಟಿನ ಗುರುತು ಸ್ಪಷ್ಟವಾಗಿದೆ. ನಮ್ಮ ಅಜ್ಜ ಕೊರೆದ ಸುರಂಗದಲ್ಲೂ ಗುರುತು ಹಾಗೆಯೇ, ಓರೆಯಾಗಿ ಬಲದಿಂದ ಎಡಕ್ಕೆ.

ಕಲಬುರಗಿಯ ಮೇಷ್ಟ್ರು

ಮುರಕಲ್ಲಿನವರು ದಿಕ್ಕು ತಪ್ಪಿಸಿಲ್ಲ. ರಾಜಧಾನಿಯನ್ನು ಕಲಬುರಗಿಯಿಂದ ಎತ್ತಿ ಈ ಗುಡ್ಡದ ಮೇಲೆ ತಂದಿಟ್ಟ ಅಹ್ಮದ್ ಷಾನಿಗೆ ನೀರಿನ ಚಿಂತೆ ಇಲ್ಲದೆ ಇರಲಿಲ್ಲ. (ಕಲಬುರಗಿಯವನಾಗಿ ಆ ಸ್ಥಳಾಂತರವನ್ನು ನಾನಿನ್ನೂ ಕ್ಷಮಿಸಿಲ್ಲ.) ಅಷ್ಟೂರಿನಲ್ಲಿ ನಕ್ಷೆಗಾರ್ತಿಯವರು ಕನ್ನಡಿ ಬೆಳಕಿನಲ್ಲಿ ನೋಡಿದ್ದು ಅವನ ಗುಮ್ಮಟವನ್ನೇ. ಉರುಸಿನ ಹೊತ್ತಿಗೆ ಹೋಗಿದ್ದರೆ ಇನ್ನೊಂದು ನೋಟ ಸಿಗುತ್ತಿತ್ತು. ನಮ್ಮ ಕಡೆಯ ಮಾಡಿಯಾಳದಿಂದ ಜಂಗಮರು ಭಕ್ತರೊಂದಿಗೆ ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಅವರ ಪಾಲಿಗೆ ಅವನು ಸುಲ್ತಾನನಲ್ಲ, ಅಲ್ಲಮಪ್ರಭುವಿನ ಅವತಾರ. ನಮ್ಮ ತಾಯಿಯೂ ಒಮ್ಮೆ ಹೋಗಿ ಹರಕೆ ಒಪ್ಪಿಸಿ ಬಂದಿದ್ದರು.

ಬಿದ್ರಿ ಮನೆಯವಳು

ಒಡೆದದ್ದು ಪಾಠ ಹೇಳುತ್ತದೆ ಎಂದಿರಿ. ನಮಗೆ ಅದು ಅನ್ನವನ್ನೂ ಕೊಟ್ಟಿದೆ.

ನಮ್ಮ ತಂದೆಯವರದು ಬಿದ್ರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು, ಕೊರೆದ ಗೆರೆಗೆ ಬೆಳ್ಳಿಯ ತಂತಿ ಬಡಿದು ಕೂರಿಸುವವರೆಗೆ ಪಾತ್ರೆ ಬೂದು ಬಣ್ಣದ್ದೇ. ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಅದು ಬಿದ್ರಿಯಾಗುವುದು ಕೊನೆಯ ಹೆಜ್ಜೆಯಲ್ಲಿ. ಕೋಟೆಯೊಳಗೆ ಬಿಸಿಲು ಮಳೆ ತಾಗದ ಹಳೆಯ ಕಟ್ಟಡಗಳ ಮೂಲೆಯ ಮಣ್ಣು ತಂದು, ನವಸಾಗರದ ಜತೆ ನೀರಿನಲ್ಲಿ ಕುದಿಸಿ, ಪಾತ್ರೆಗೆ ಹಚ್ಚಿದರೆ ಸತು ಕಾಡಿಗೆಯಷ್ಟು ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಯಾವ ಮಣ್ಣಾದರೂ ಆಗುವುದಿಲ್ಲ. ತಂದೆಯವರು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು ಹೇಳುತ್ತಿದ್ದರು. ನಾನೂ ಕಲಿತಿದ್ದೇನೆ, ಒಳ್ಳೆಯ ಮಣ್ಣು ನಾಲಿಗೆಯ ತುದಿಯನ್ನು ಸ್ವಲ್ಪ ಚುಚ್ಚುತ್ತದೆ.

2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹೆಸರು ಉಳಿಯಿತು. ಮಣ್ಣು ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆ ಮೂಲೆಗಳನ್ನೆಲ್ಲ ಗುಡಿಸಿ, ತೊಳೆದು, ಹೊಸ ನೆಲ ಹಾಕಿ ಚಂದ ಮಾಡಿದರೆ ನಾವು ಎಲ್ಲಿಗೆ ಹೋಗಬೇಕು? ಇದನ್ನು ಯಾವ ಯೋಜನೆಯಲ್ಲೂ ಯಾರೂ ಬರೆದಿರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಅಪ್ಪ ಮತ್ತು ಆರನೆಯ ಕ್ಲಾಸು

ಮಣ್ಣು ನೆಕ್ಕಿ ನೋಡುವ ಮಾತು ಮಗಳಿಗೆ ಓದಿ ಹೇಳಿದೆ. "ಅಲ್ಲಿಗೆ ಮತ್ತೆ ಹೋಗೋಣ" ಎನ್ನುತ್ತಿದ್ದಾಳೆ. ಮಿನಾರಿಗಾಗಿ ಅಲ್ಲ, ಮಣ್ಣಿಗಾಗಿ. ಜೋಡಿ ಮಿನಾರಿನ ಆಸೆಯನ್ನು ನಾನು ಪೂರ್ತಿ ಬಿಟ್ಟಿಲ್ಲ, ಆದರೆ ಅಕ್ಷರ ತಿರುವುಮುರುವಾಗುವ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಫಲಕವಾದರೂ ಹಾಕಲಿ.

ನಕ್ಷೆಗಾರ್ತಿ

ಹಳೇ ಓಣಿಯವರೇ, ತಮ್ಮಾ, ನಿಮ್ಮ ಮಾತು ನನಗೆ ನಾಟಿತು. ಆ ಓಣಿಗಳಲ್ಲಿ ನಡೆದಾಗ ನಾನು ನೋಡಿದ್ದು ಬಾಗಿಲ ಚೌಕಟ್ಟುಗಳನ್ನು, ಒಳಗಿನವರನ್ನಲ್ಲ.

ನನ್ನಿಂದ ಆಗುವುದು ಇಷ್ಟು. ನೂರು ಮೀಟರಿನೊಳಗೆ ಹೊಸದು ಕಟ್ಟುವಂತಿಲ್ಲ ನಿಜ, ಆದರೆ ಮೊದಲೇ ಇದ್ದ ಮನೆಯ ದುರಸ್ತಿಗೆ ಅನುಮತಿ ಪಡೆಯಲು ಅದೇ ಕಾಯಿದೆಯಲ್ಲಿ ಅವಕಾಶವಿದೆ. ಮನೆ 1992ಕ್ಕಿಂತ ಹಿಂದಿನದು ಎಂದು ತೋರಿಸುವ ಕಾಗದ, ಕರ ಕಟ್ಟಿದ ಹಳೆಯ ರಸೀದಿಯೋ ಏನೋ, ಜತೆಗಿಡಿ. ಅರ್ಜಿಯಲ್ಲಿ ಎತ್ತರ, ಅಗಲ ಬದಲಾಗುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಈಗಿನ ಗೋಡೆಯ ಅಳತೆ ಕಳುಹಿಸಿದರೆ ನಕ್ಷೆ ನಾನು ಬರೆದುಕೊಡುತ್ತೇನೆ, ದುಡ್ಡು ಬೇಡ. ಬೀದರಿನ ಊಟದ ಋಣ ಹೇಗೂ ಇದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಹಿಂದಿನ ಗೋಡೆಗೆ ಸಿಮೆಂಟ್ ಬಳಿದಿದ್ದೀರಾ? ಹೌದಾದರೆ, ಸಡಿಲವಾದ ಕಡೆ ಒಂದು ಅಂಗೈಯಗಲ ಕೆರೆದು ಒಳಗೆ ಏನಿದೆ ನೋಡಿ. ಗಾಣದವರು ಹೇಳಿದ್ದೇ ಇರಬಹುದು.

ಹಳೇ ಓಣಿಯವ

ಅಕ್ಕಾ, ಇವತ್ತು ಬೆಳಿಗ್ಗೆ ಕೆರೆದೆ. ಅಪ್ಪ ಎರಡು ಸಲ ಸಿಮೆಂಟ್ ಮಾಡಿಸಿದ್ದರು, ಅದರ ಮೇಲೆ ನಾನು, 'ವಾಟರ್‌ಪ್ರೂಫ್' ಎಂದು ಡಬ್ಬದ ಮೇಲೆ ಬರೆದಿದ್ದನ್ನು ನಂಬಿ, ಒಂದು ಪದರ ಬಣ್ಣ ಹೊಡೆದಿದ್ದೆ. ಮುಕ್ಕಾಲು ಇಂಚಿನ ಹಿಂದೆ ಕೆಂಪು ಕಲ್ಲು. ಬೆರಳಿನಿಂದ ಉಜ್ಜಿದರೆ ರವೆಯಂತೆ ಉದುರುತ್ತದೆ. ಕೈ ಒದ್ದೆಯಾಯಿತು. ಇದು ಮಾರ್ಚ್ ತಿಂಗಳು, ಕಡೆಯ ಮಳೆ ಬಂದದ್ದು ಅಕ್ಟೋಬರಿನಲ್ಲಿ. ಫೋಟೋ ಹಾಕಿದ್ದೇನೆ, ಬಣ್ಣದ್ದೇ.

ಸುಣ್ಣದ ಗಾಣ

ನೋಡಿದೆ. ಕೆರೆದ ಜಾಗವನ್ನು ಮುಚ್ಚಬೇಡಿ, ಹಾಗೆಯೇ ತೆರೆದಿಡಿ, ಗಾಳಿ ಕುಡಿಯಲಿ. ಸಡಿಲವಾಗಿರುವ ಸಿಮೆಂಟ್ ಎಷ್ಟಿದೆಯೋ ಗುರುತು ಹಾಕಿಕೊಳ್ಳಿ, ಸುತ್ತಿಗೆಯಿಂದ ಹೊಡೆಯಬೇಡಿ, ಕಲ್ಲೂ ಜತೆಗೆ ಬರುತ್ತದೆ. ಏಪ್ರಿಲ್ ಎರಡನೆಯ ವಾರ ನಾನು ಭಾಲ್ಕಿಗೆ ಒಂದು ಗುಡಿಯ ಕೆಲಸಕ್ಕೆ ಬರುವವನಿದ್ದೇನೆ, ಬೀದರಿಗೆ ಬಂದು ಗೋಡೆ ನೋಡುತ್ತೇನೆ. ಅನುಮತಿ ಅಷ್ಟರಲ್ಲಿ ಬಂದರೆ ಸರಿ. ಬರದಿದ್ದರೂ ಸುಣ್ಣವನ್ನು ಇವತ್ತೇ ನೀರಿಗೆ ಹಾಕಿಡಿ, ಅದಕ್ಕೆ ಯಾರ ಸಹಿಯೂ ಬೇಡ.